ತಂತ್ರಾಂಶವನ್ನು ಮುಟ್ಟುವ ಹಕ್ಕು

ಕೈಫೋನು ಕೆಟ್ಟಾಗ ಹರಪನಹಳ್ಳಿಗೋ ಕೊಟ್ಟೂರಿಗೋ ಒಯ್ಯುವ ಹಲವಾಗಲಿನ ಕಡೆಯ ನಮ್ಮ ಜನರಲ್ಲಿ, ಕಂಪನಿಯವರು ತುಂಬಿಕೊಟ್ಟ ತಂತ್ರಾಂಶವನ್ನು ಮುಟ್ಟುವುದೇ ಅಪರಾಧವೆಂಬ ಭಯ ಬೇರೂರಿದೆ. ಈ ಭಯಕ್ಕೆ ಶಾಸನದ ಆಧಾರವಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಕಲಮು, ನ್ಯಾಯವಾಗಿ ಪಡೆದ ತಂತ್ರಾಂಶವನ್ನು ಸ್ವಂತದ, ವ್ಯಾಪಾರೇತರವಾದ ಬಳಕೆಗೆ ಮಾರ್ಪಡಿಸಿಕೊಳ್ಳುವುದು ಉಲ್ಲಂಘನೆಯಲ್ಲವೆಂದೇ ಹೇಳುತ್ತದೆ. 2012ರಲ್ಲಿ ಸೇರಿದ 65-ಎ ಕಲಮಾದರೂ ತಾಂತ್ರಿಕ ಬೀಗವನ್ನು ಮುರಿದವನನ್ನು ದಂಡಿಸುವುದು ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶವಿದ್ದಾಗ ಮಾತ್ರ. ವಾರಂಟಿ ಹೋದೀತು, ನಿಜ. ಆದರೆ ಕರಾರು ತಪ್ಪುವುದು ಬೇರೆ, ಅಪರಾಧವೆಸಗುವುದು ಬೇರೆ.

ಕನ್ನಡಿಗರಾದ ನಾವಂತೂ ತಂತ್ರಾಂಶವನ್ನು ಮಾರ್ಪಡಿಸುವ ಈ ವಿದ್ಯೆಯನ್ನು ಹೀಗಳೆಯಲಾಗದು. 2012ರಲ್ಲಿ ಬಂದ ಆಂಡ್ರಾಯ್ಡಿನ 4.1ನೆಯ ಆವೃತ್ತಿ ನಮ್ಮ ಲಿಪಿಗೆ ಇಂಬುಗೊಡುವವರೆಗೆ ಕನ್ನಡದ ವಾಕ್ಯವು ಎಷ್ಟೋ ಫೋನುಗಳಲ್ಲಿ ಖಾಲಿ ಚೌಕಗಳ ಸಾಲಾಗಿ ಕಾಣುತ್ತಿದ್ದಾಗ, ಫೋನನ್ನು ರೂಟ್ ಮಾಡಿ, ಎಂದರೆ ತಂತ್ರಾಂಶದ ಬೀಗವನ್ನು ತೆರೆದು, ಅದರ ಅಂತರಂಗದಲ್ಲಿ ಕನ್ನಡದ ಫಾಂಟನ್ನು ತಾವೇ ಇಟ್ಟು, ತಾಯ್ನುಡಿಯನ್ನು ಓದಿದವರುಂಟು. ಒತ್ತಕ್ಷರಗಳು ಸ್ಥಾನ ತಪ್ಪಿ ನಿಂತರೂ ಅಂದಿಗೆ ಅದೇ ಭಾಗ್ಯ.

ದುಡ್ಡು ಕೊಟ್ಟು ಕೊಂಡದ್ದು, ಏನು ಮಾಡಿದರೂ ಕೇಳುವವರಾರು ಎಂಬುದು ಆ ಭಯಕ್ಕೆ ಎದುರಾದ ಅತಿ. ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ತಿದ್ದಿದವನಿಗೆ 2023ರ ದೂರಸಂಪರ್ಕ ಅಧಿನಿಯಮವು 3 ವರ್ಷಗಳವರೆಗಿನ ಸೆರೆಯನ್ನೂ 50 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಬಲ್ಲುದು. ಕಳವಾದ ಫೋನನ್ನು ಪತ್ತೆಹಚ್ಚುವುದು ಆ ಸಂಖ್ಯೆಯ ಆಧಾರದಿಂದಲೇ ಆದುದರಿಂದ ಈ ಕಟ್ಟುನಿಟ್ಟು ಅನ್ಯಾಯವಲ್ಲ. ರೂಟ್ ಮಾಡಿದ ಫೋನಿನಲ್ಲಿ ಹಲವು ಬ್ಯಾಂಕುಗಳ ಆಪ್‌ಗಳು ನಡೆಯದಿರುವುದೂ ಬರಿಯ ಕಿರುಕುಳವಲ್ಲ. ಬೀಗ ತೆರೆದ ಮೇಲೆ ಒಳಹೊಗುವವನು ಒಡೆಯನೊಬ್ಬನೇ ಆಗಿರಬೇಕೆಂದಿಲ್ಲ.

ಹೊಣೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಹಾನಿಯಾದ ವೇಳೆಗೆ ಸರಕು ಮಾರ್ಪಾಟುಗೊಂಡಿದ್ದರೆ ಉತ್ಪನ್ನ ಹೊಣೆಗಾರಿಕೆಯ ದಾವೆ ಸಲ್ಲದೆಂದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 87ನೆಯ ಕಲಮು ಹೇಳಿರುವುದು ಮಾರುವವನನ್ನು ಕುರಿತು; ತಯಾರಕನ ಹೊಣೆ 84ನೆಯ ಕಲಮಿನಲ್ಲಿ ಪ್ರತ್ಯೇಕವಾಗಿದೆ. ಆದುದರಿಂದ, ಫಾಂಟು ಬದಲಿಸಿದ ಫೋನಿನ ಬ್ಯಾಟರಿ ತಯಾರಿಕೆಯ ದೋಷದಿಂದಲೇ ಉಬ್ಬಿದಾಗ, ರೂಟ್ ಮಾಡಿದ್ದೀರೆಂಬ ಒಂದೇ ಮಾತಿನಿಂದ ಕಂಪನಿ ಪಾರಾಗುವುದು ನನಗೆ ಒಪ್ಪಿಗೆಯಿಲ್ಲ. ಚಾರ್ಜಿಂಗಿನ ಮಿತಿಯನ್ನೇ ಸಡಿಲಿಸಿಕೊಂಡವನು ಅದೇ ದೂರನ್ನು ತಂದರೆ ಅವನ ಪರ ವಾದಿಸಲೂ ಒಲ್ಲೆ.

ಹಾನಿ ಪರರನ್ನು ತಟ್ಟುವ ಯಂತ್ರಗಳ ಮಾತು ಮತ್ತೂ ಗಂಭೀರ. ಟ್ರ್ಯಾಕ್ಟರಿನ ತಂತ್ರಾಂಶವನ್ನು ರಿಪೇರಿಗಾಗಿಯೂ ನ್ಯಾಯವಾದ ಮಾರ್ಪಾಟಿಗಾಗಿಯೂ ತೆರೆಯಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2015ರಲ್ಲಿ ಒಡೆಯರಿಗೆ ಅನುಮತಿಯಿತ್ತಾಗ, ಸುರಕ್ಷತೆಯ ಮತ್ತು ಹೊಗೆಯ ನಿಯಮಗಳಿಂದ ಅವರನ್ನು ಬಿಡುಗಡೆ ಮಾಡಲಿಲ್ಲ.