ತೋಟಾ ‘ಇಂಪ್ರೂವ್’ ಮಾಡಿಸಿದ್ರೆ ಹಂದಿ ಕಾಟ ತಪ್ಪುತ್ತಾ?

“ಅಣ್ಣಾ, ಆಕ್ಲಿ ಇಂಪ್ರೂವ್ಡ್ ಅಂದ್ರೆ ಏನು? ನಮ್ಮ ಕೋವಿಗೂ ಮಾಡಿಸ್ಬಹುದಾ?” ಎರಡು ತಿಂಗಳಲ್ಲಿ ವಾಟ್ಸಾಪಿಗೆ ಇಂಥ ಮೂರು ಪ್ರಶ್ನೆ ಬಂದಿವೆ. ಎಲ್ಲಾ ಯೂಟ್ಯೂಬ್ ಮಹಿಮೆ. ಅಮೆರಿಕದ ರೈತರು ರಾತ್ರಿ ಹೊತ್ತು ಹಂದಿ ಹೊಡೆಯೋ ವಿಡಿಯೊ ನೋಡಿ, ನಮ್ಮ ಅಡಿಕೆ ತೋಟದ ಬಾಳೆಗೆಡ್ಡೆ ಉಳಿಸೋಕೂ ಇದೇ ದಾರಿ ಅಂತ ಹುಡುಗರಿಗೆ ಅನ್ನಿಸಿದೆ. ನಾಲ್ಕನೆಯ ಪ್ರಶ್ನೆ ಟೆಕ್ಸಾಸ್‌ನಲ್ಲಿರೋ ನಮ್ಮ ಭಾವನದ್ದು. ಕೆಲಸದ ಜತೆಗೆ ಒಂದಿಷ್ಟು ಜಮೀನು ಮಾಡಿದ್ದಾರೆ, .280 ರೆಮಿಂಗ್ಟನ್ ರೈಫಲ್ ಇಟ್ಟುಕೊಂಡಿದ್ದಾರೆ. ಅದನ್ನ .280 ಆಕ್ಲಿ ಇಂಪ್ರೂವ್ಡ್‌ಗೆ ಬದಲಾಯಿಸಲಾ ಅಂತ ಕೇಳಿದ್ರು. ಒಟ್ಟಿಗೇ ಬರೀತೀನಿ, ಯಾಕಂದ್ರೆ ಅವರಿಗೆ ಕೊಡೋ ಉತ್ತರ ಬೇರೆ, ನಿಮಗೆ ಕೊಡೋ ಉತ್ತರ ಬೇರೆ.

ಮೊದಲು ಆಕ್ಲಿ ಯಾರು ಅಂತ ಹೇಳಿಬಿಡ್ತೀನಿ. ಪಾರ್ಕರ್ ಆಕ್ಲಿ ಹುಟ್ಟಿದ್ದು 1903ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಓದಿದ್ದು ಏನು ಗೊತ್ತಾ? ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಕೃಷಿ ಪದವಿ! (ಓದಿದ್ದೇ ಒಂದು, ಮಾಡೋದೇ ಇನ್ನೊಂದು ಅನ್ನೋರು ನಮ್ಮ ಬ್ಯಾಚಿನಲ್ಲಿ ಮಾತ್ರ ಇಲ್ಲ.) ಆಮೇಲೆ ಕೋವಿ ಕೆಲಸ ಕಲಿತು, ಎರಡನೇ ಮಹಾಯುದ್ಧದ ನಂತರ ಕೊಲರಾಡೊದ ಟ್ರಿನಿಡಾಡ್ ಅನ್ನೋ ಊರಲ್ಲಿ ಬ್ಯಾರಲ್ ಮಾಡೋ ಅಂಗಡಿ ನಡೆಸಿದ. ಅಲ್ಲಿನ ಕಾಲೇಜಿನಲ್ಲಿ ಹುಡುಗರಿಗೆ ಆ ಕೆಲಸ ಹೇಳಿಯೂ ಕೊಟ್ಟ.

ಆತ ಮಾಡಿದ್ದು ಸರಳ. ರೈಫಲ್ ತೋಟಾದ ಹಿತ್ತಾಳೆ ಕೇಸ್ ನೋಡಿದ್ರೆ ಸಣ್ಣ ಬಾಟಲಿ ಥರ ಇರುತ್ತೆ: ದಪ್ಪ ಮೈ, ಭುಜ, ಕುತ್ತಿಗೆ. ಹಳೇ ಕೇಸ್‌ಗಳ ಮೈ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತೆ, ಭುಜ ಇಳಿಜಾರಾಗಿರುತ್ತೆ. .30-06ರಲ್ಲಿ ಭುಜದ ಕೋನ 17.5 ಡಿಗ್ರಿ. ಆಕ್ಲಿ ಮೈಯನ್ನ ನೆಟ್ಟಗೆ ಮಾಡಿ, ಭುಜವನ್ನ ಸಾಮಾನ್ಯವಾಗಿ 40 ಡಿಗ್ರಿಗೆ ಏರಿಸಿದ. ಒಳಗೆ ಮದ್ದಿಗೆ ಸ್ವಲ್ಪ ಜಾಗ ಹೆಚ್ಚಾಯ್ತು. ರೈಫಲ್‌ನ ಚೇಂಬರನ್ನ ಗನ್‌ಸ್ಮಿತ್ ಅದೇ ಆಕಾರಕ್ಕೆ ಕೊರೆದು ಕೊಡ್ತಾನೆ. ಸರಿಯಾಗಿ ಕೊರೆದಿದ್ರೆ ಮಾಮೂಲಿ ತೋಟಾವನ್ನೂ ಅದರಲ್ಲಿ ಹಾರಿಸಬಹುದು, ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಹೊಸ ಆಕಾರ ತಗೊಳ್ಳುತ್ತೆ. ಈ ಸೌಲಭ್ಯ ಇರೋದಕ್ಕೇ ಆಕ್ಲಿ ಹೆಸರು ಇಷ್ಟು ವರ್ಷ ಉಳಿದಿರೋದು. ಆದ್ರೆ ಇದು ಒಂದೇ ದಿಕ್ಕಿನ ದಾರಿ. ಇಂಪ್ರೂವ್ಡ್ ತೋಟಾ ಮಾಮೂಲಿ ರೈಫಲ್‌ಗೆ ಕೂರಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಕೈಯಲ್ಲಿ ತೋಟಾ ತುಂಬಿಕೊಳ್ಳೋ ಅಮೆರಿಕದವರಲ್ಲಿ ಒಂದು ಅಂದಾಜಿನ ಸೂತ್ರ ಇದೆ: ಕೇಸ್‌ನ ಜಾಗ ಶೇಕಡಾ ಎಷ್ಟು ಹೆಚ್ಚಾಯ್ತೋ, ಗುಂಡಿನ ವೇಗ ಅದರ ಕಾಲುಭಾಗ ಮಾತ್ರ ಹೆಚ್ಚುತ್ತೆ, ಒತ್ತಡ ಅಷ್ಟೇ ಇದ್ರೆ. .30-06ರಲ್ಲಿ 180 ಗ್ರೇನ್ ಗುಂಡು ಸುಮಾರು ಸೆಕೆಂಡಿಗೆ 2700 ಅಡಿ ವೇಗದಲ್ಲಿ ಹೊರಡುತ್ತೆ. ಜಾಗ ಶೇ. 8 ಹೆಚ್ಚಾಯ್ತು ಅಂತಲೇ ಇಟ್ಟುಕೊಳ್ಳಿ, ವೇಗ ಹೆಚ್ಚೋದು ಶೇ. 2, ಅಂದ್ರೆ 54 ಅಡಿ. ಹೊಡೆತದ ಶಕ್ತಿ ವೇಗದ ವರ್ಗದ ಮೇಲೆ ಹೋಗೋದ್ರಿಂದ ಅದು ಸುಮಾರು ಶೇ. 4 ಹೆಚ್ಚಬಹುದು. ಅಷ್ಟೇ. ಐವತ್ತು ಮೀಟರ್ ದೂರದ ಹಂದಿಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ.

“ಹಾಗಾದ್ರೆ ಅವರು ಇನ್ನೂರು ಅಡಿ ಜಾಸ್ತಿ ಬರುತ್ತೆ ಅಂತಾರಲ್ಲ?” ಹೌದು, ಅಂತಾರೆ. ಅದರಲ್ಲಿ ದೊಡ್ಡ ಪಾಲು ಜಾಗದಿಂದ ಬಂದಿದ್ದಲ್ಲ, ಒತ್ತಡ ಏರಿಸಿದ್ದರಿಂದ ಬಂದಿದ್ದು. ಆ ಕಾಲದ ಹವ್ಯಾಸಿಗಳ ಹತ್ತಿರ ಒತ್ತಡ ಅಳೆಯೋ ಸಾಧನ ಇರಲಿಲ್ಲ. ಅಷ್ಟೇ ಒತ್ತಡ ಮಾಮೂಲಿ ತೋಟಾಕ್ಕೆ ಕೊಟ್ಟಿದ್ರೆ ಅದೂ ಜೋರಾಗೇ ಹೋಗ್ತಿತ್ತು. ಒಂದು ಗೊಬ್ಬರ ಹಾಕಿ, ಜತೆಗೆ ನೀರೂ ಜಾಸ್ತಿ ಬಿಟ್ಟು, ಇಳುವರಿ ಎಲ್ಲಾ ಗೊಬ್ಬರದ್ದೇ ಅನ್ನೋ ಡೀಲರ್ ಮಾತಿನ ಥರ ಇದು.

ಹಾಗಂತ ಇದು ಬರೀ ಬೊಗಳೆ ಅಲ್ಲ. ನೆಟ್ಟಗಿನ ಮೈ, ಚೂಪು ಭುಜ ಇದ್ರೆ ಹಿತ್ತಾಳೆ ಉದ್ದಕ್ಕೆ ಹಿಗ್ಗೋದು ಕಡಿಮೆ. ಹಾಗಾಗಿ ಕೇಸ್ ಹೆಚ್ಚು ಸಲ ಬಳಕೆಗೆ ಬರುತ್ತೆ. ಹಳೇ ಕಾಲದ ಇಳಿಜಾರು ಕೇಸ್‌ಗಳಿಗೆ, ಉದಾಹರಣೆಗೆ 1915ರ .250 ಸ್ಯಾವೇಜ್, 1934ರ .257 ರಾಬರ್ಟ್ಸ್, ಇದರಿಂದ ಕಣ್ಣಿಗೆ ಕಾಣೋ ಲಾಭ ಇದೆ. ಮೊದಲೇ ನೆಟ್ಟಗಿರೋ ಹೊಸ ಕೇಸ್‌ಗಳಿಗೆ ಏನೂ ಇಲ್ಲ. ತೋಟಗಾರಿಕೆಯಲ್ಲೂ ಹೀಗೇ ಅಲ್ವಾ? ಬೀಜದಿಂದ ಬೆಳೆದ ಹಳೇ ಗೇರು ಮರಕ್ಕೆ ವೆಂಗುರ್ಲಾ-4ರ ಕಸಿ ಕಟ್ಟಿದ್ರೆ ತೋಟದ ಹಣೆಬರಹವೇ ಬದಲಾಗುತ್ತೆ. ಉಳ್ಳಾಲ-1 ಇರೋ ಮರದ ತಲೆ ಕಡಿದು ಇನ್ನೊಂದು ತಳಿ ಕಟ್ಟೋಕೆ ಹೊರಟರೆ ಮೂರು ವರ್ಷದ ಫಸಲು ಹೋಗಿ, ಸಿಗೋದು ಸ್ವಲ್ಪವೇ.

ಭಾವನಿಗೆ ಬಂದಿದ್ದು ಈ ಎರಡನೇ ಲೆಕ್ಕ. .280 ಆಕ್ಲಿ ತೋಟಾ ಈಗ ಅಮೆರಿಕದಲ್ಲಿ ಅಂಗಡಿಯಲ್ಲೇ ಸಿಗುತ್ತೆ, ನೋಸ್ಲರ್ ಕಂಪನಿ ಅದನ್ನ ಕಾರ್ಖಾನೆಯ ತೋಟಾ ಮಾಡಿಸಿದೆ. ಆದ್ರೂ ಗನ್‌ಸ್ಮಿತ್ ಕೂಲಿ, ತೋಟಾ ತುಂಬೋ ಹೊಸ ಡೈಗಳು ಸೇರಿದ್ರೆ ನೂರಾರು ಡಾಲರ್. ಚೂಪು ಭುಜದ ತೋಟಾ ಕೆಲವು ಮ್ಯಾಗಜಿನ್‌ಗಳಿಂದ ನುಣ್ಣಗೆ ಏರಲ್ಲ. ಮುಂದೆ ಮಾರೋಕೆ ಹೋದ್ರೆ ಗಿರಾಕಿ ಕಡಿಮೆ. ಬ್ಯಾರಲ್ ಸವೆದು ಹೇಗೂ ಬದಲಾಯಿಸೋ ಹೊತ್ತಿಗೆ ಮಾಡಿಸಿದ್ರೆ ಒಪ್ಪಬಹುದು. ಚೆನ್ನಾಗಿ ಗುರಿ ಹಿಡೀತಿರೋ ರೈಫಲ್‌ಗೆ ಕೈ ಹಾಕೋದು ಬೇಡ ಅಂದೆ.

ಇನ್ನು ನಮ್ಮ ಕಡೆಗೆ. ಮಲೆನಾಡಿನ ಮನೆಗಳಲ್ಲಿ ಇರೋದು ಬಹುಪಾಲು ಕೇಪಿನ ಕೋವಿ, ಇಲ್ಲಾ ಒಂಟಿ ನಳಿಗೆ, ಜೋಡು ನಳಿಗೆಯ ತೋಟಾ ಕೋವಿ. ಕೇಪಿನ ಕೋವಿಗೆ ಕೇಸೇ ಇಲ್ಲ. 12 ಬೋರ್ ತೋಟಾಕ್ಕೆ ಭುಜವೇ ಇಲ್ಲ, ನೆಟ್ಟನೆ ಕೊಳವೆ. ‘ಇಂಪ್ರೂವ್’ ಮಾಡೋಕೆ ಏನೂ ಇಲ್ಲ, ಮಾಡಿಕೊಡ್ತೀನಿ ಅನ್ನೋನು ನಿಮ್ಮ ನಳಿಗೆ ಹಾಳು ಮಾಡ್ತಾನೆ, ನಿಮ್ಮ ಮುಖವನ್ನೂ. ಬೆಳೆ ರಕ್ಷಣೆಗೆ ಕಾನೂನು ಹೇಳೋದೂ ಬಾಯಿಂದ ಮದ್ದು ತುಂಬೋ ಕೋವಿಯನ್ನೇ.

ಕೆಲವರ ಮನೇಲಿ ಅಜ್ಜನ ಕಾಲದ .30-06 ಅಥವಾ .315 ರೈಫಲ್ ಲೈಸೆನ್ಸಲ್ಲಿದೆ. ಅವರು ಈ ಸಾಲನ್ನ ಎರಡು ಸಲ ಓದಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ತಯಾರಿಸೋದು, ರಿಪೇರಿ ಮಾಡೋದು, ಬದಲಾಯಿಸೋದು, ತೋಟಾ ತಯಾರಿಸೋದು, ಎಲ್ಲಕ್ಕೂ ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳೋ ಲೈಸೆನ್ಸ್ ಅದಕ್ಕೆ ಸಾಲಲ್ಲ. ಕೊಡಗಿನ ವಿನಾಯ್ತಿ ಕೂಡ ಕೋವಿ ಇಟ್ಟುಕೊಳ್ಳೋದಕ್ಕೆ ಕೊಟ್ಟಿದ್ದು. ಲೇತ್ ಇರೋ ಗೆಳೆಯನ ಹತ್ತಿರ ಚೇಂಬರ್ ಕೊರೆಸಿದ್ರೆ ಹೋಗೋದು ಹಂದಿ ಅಲ್ಲ, ನಿಮ್ಮ ಕೋವಿ, ಲೈಸೆನ್ಸ್, ಆಮೇಲೆ ಕೋರ್ಟಿಗೆ ಅಲೆದಾಟ. ಹಂದಿ ಹೊಡೆಯೋದೂ ನಮ್ಮಿಷ್ಟ ಅಲ್ಲ. ವನ್ಯಜೀವಿ ಕಾಯ್ದೆಯ 11ನೇ ಕಲಂ ಅಡಿ ಅಧಿಕಾರ ಇರೋ ಅಧಿಕಾರಿಯ ಲಿಖಿತ ಅನುಮತಿ ಬೇಕು. ಟೆಕ್ಸಾಸ್‌ನಲ್ಲಿ 2019ರಿಂದ ಖಾಸಗಿ ಜಮೀನಿನ ಕಾಡಾದ ಹಂದಿಗೆ ಬೇಟೆ ಲೈಸೆನ್ಸೂ ಬೇಡ. ಆ ವಿಡಿಯೊ ನೋಡಿ ಇಲ್ಲಿ ಕೋವಿ ಎತ್ತಬೇಡಿ.

ಇನ್ನೊಂದು ಮಾತು, ಯಾರೂ ಹೇಳಲ್ಲ. .30-06 ಗುಂಡು ಗುರಿ ತಪ್ಪಿದ್ರೆ ಮೂರು ಕಿಲೋಮೀಟರ್ ಮೀರಿ ಹೋಗಬಲ್ಲದು. ನಮ್ಮ ತೋಟದ ಆಚೆ ಪಕ್ಕದವರ ಮನೆ ಎಷ್ಟು ದೂರ? ನಮ್ಮಲ್ಲಿ ಇನ್ನೂರು ಮೀಟರ್ ಕೂಡ ಇಲ್ಲ.

ನನ್ನ ತೋಟಕ್ಕೆ ಸೋಲಾರ್ ಬೇಲಿ ಇದೆ. ಹಂದಿ ಮೇಲಿಂದ ಹಾರಲ್ಲ, ಕೆಳಗೆ ನುಗ್ಗುತ್ತೆ. ಹಾಗಾಗಿ ಕೆಳಗಿನ ತಂತಿ ನೆಲದಿಂದ ಗೇಣುದ್ದಕ್ಕಿಂತ ಮೇಲಿರಬಾರದು. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದ್ರೆ ಕರೆಂಟ್ ನೆಲಕ್ಕೆ ಇಳಿದು ಶಾಕ್ ಸತ್ತುಹೋಗುತ್ತೆ, ಜೂನ್‌ನಿಂದ ಹದಿನೈದು ದಿನಕ್ಕೊಮ್ಮೆ ಸವರಲೇಬೇಕು. ಬೇಲಿಗೆ ಸಹಾಯಧನ, ಬೆಳೆ ನಷ್ಟಕ್ಕೆ ಪರಿಹಾರ, ಎರಡಕ್ಕೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಹಾಳಾದ ಗಿಡದ ಫೋಟೊವನ್ನ ಅವತ್ತೇ ಮೊಬೈಲಲ್ಲಿ ತೆಗೆದಿಡಿ.

ಭಾವನೂ ಈಗ ರೈಫಲ್ ವಿಷಯ ಬಿಟ್ಟಿದ್ದಾರೆ. ಒಂದು ಹಂದಿ ಹೊಡೆದ್ರೆ ಉಳಿದವು ಚದುರಿ ಇನ್ನೊಂದು ಕಡೆ ನುಗ್ತಾವೆ ಅಂತ ಗೊತ್ತಾಗಿ, ಹಿಂಡಿಗೆ ಹಿಂಡೇ ಬೀಳೋ ದೊಡ್ಡ ಬೋನು ಹಾಕಿಸ್ತಿದ್ದಾರೆ. ಜೋಳ ಚೆಲ್ಲಿ ಬಾಗಿಲು ಹಾಕದೆ ಹಿಂಡು ಪೂರ್ತಿ ಬರೋದನ್ನ ಕಾಯ್ತಿದ್ದಾರಂತೆ.