ಕಾಸರಗೋಡು: ಐದೋ, ಎಂಟೋ, ಹತ್ತೋ?

ಮಕ್ಕಳೇ, ‘ಕಾಸರಗೋಡು’ ಪದದಲ್ಲಿ ಎಷ್ಟು ಅಕ್ಷರ? ಐದು ಅಂತೀರಿ. ಪೈಥಾನಿನ ‘ಲೆನ್’ ಅನ್ನು ಕೇಳಿ ನೋಡಿ, 8 ಅನ್ನುತ್ತದೆ. ಅದು ಸುಳ್ಳೇನಲ್ಲ. ಯೂನಿಕೋಡಿನಲ್ಲಿ ‘ಕಾ’ ಎಂದರೆ ‘ಕ’ಕ್ಕೊಂದು ಸಂಕೇತ, ಅದರ ಸ್ವರದ ಗುರುತಿಗೆ ಇನ್ನೊಂದು. ‘ಗೋ’, ‘ಡು’ ಕೂಡ ಹಾಗೆಯೇ.

ತರಲೆ ಇರುವುದು ‘ಗೋ’ದಲ್ಲಿ. ಅದರ ಸ್ವರದ ಗುರುತನ್ನು ಒಂದೇ ಸಂಕೇತವಾಗಿ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ತುಂಡಾದರೆ ಪದದ ಉದ್ದ 10! ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಪದ. ಊರುವಾರು ಮಕ್ಕಳನ್ನು ಎಣಿಸಿದರೆ ಕಾಸರಗೋಡು ಎರಡು ಸಾಲಲ್ಲಿ ಬರುತ್ತದೆ, ಲೆಕ್ಕ ಒಡೆಯುತ್ತದೆ. ಎಷ್ಟು ಕಣ್ಣಿಟ್ಟು ನೋಡಿದರೂ ತಪ್ಪು ಸಿಗೋದಿಲ್ಲ. ಅದಕ್ಕೇ, ಎಣಿಸುವ ಮೊದಲು ಎಲ್ಲ ಹೆಸರುಗಳನ್ನೂ ‘ಯೂನಿಕೋಡ್‌ಡೇಟಾ’ದ ‘ನಾರ್ಮಲೈಸ್’ಗೆ ಕೊಟ್ಟು ‘ಎನ್‌ಎಫ್‌ಸಿ’ ರೂಪಕ್ಕೆ ತನ್ನಿ. ತುಂಡುಗಳು ಕೂಡಿಕೊಳ್ಳುತ್ತವೆ.

ಮೊಬೈಲ್ ಆ್ಯಪ್‌ನಲ್ಲಿ ಇದೇ ಕಥೆಗೆ ಬೇರೆ ವೇಷ. ಸಂಕೇತ ಎಣಿಸಿ ಹೆಸರನ್ನು 10ಕ್ಕೆ ಕತ್ತರಿಸುವ ಆ್ಯಪ್‌ನಲ್ಲಿ ‘ಸುಬ್ರಹ್ಮಣ್ಯ’ ಹೋಗಿ ‘ಸುಬ್ರಹ್ಮಣ್’ ಆಗುತ್ತಾನೆ. ನಮಗೆ ನಾಲ್ಕೇ ಅಕ್ಷರ, ಆ್ಯಪ್‌ಗೆ 11. ಒತ್ತಕ್ಷರ ಕೂಡಿಸುವ ಹಲಂತಕ್ಕೂ ಒಂದೊಂದು ಸಂಕೇತ ಇದೆಯಲ್ಲ! ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ಇದು. ನೀವು ಆ್ಯಪ್ ಬರೆಯುವಾಗ ಮಿತಿಯನ್ನು ಧಾರಾಳವಾಗಿ ಇಡಿ, ಒತ್ತಕ್ಷರ ತುಂಬಿದ ಹೆಸರುಗಳನ್ನೇ ಹಾಕಿ ಪರೀಕ್ಷಿಸಿ. ಅಂದಹಾಗೆ, ನಿಮ್ಮ ಹೆಸರಿಗೆ ‘ಲೆನ್’ ಎಷ್ಟು ಹೇಳುತ್ತೆ?