ಕಾಣದವರ ಮೇಳಕ್ಕೆ ಹೊಸಬರು

ಆಡುವವನು ತನ್ನ ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತಿರುವನು. ಅವನು ಧರಿಸಿದ ವೇಷ ಮಾತ್ರ ಅಂತರಜಾಲದ ಮೂಲಕ ಒಂದು ಕಲ್ಪಿತ ನಗರದ ಬೀದಿಯಲ್ಲಿ ನಡೆದಾಡುತ್ತಿರುವುದು. ಅಲ್ಲಿ ಎದುರಾಗುವ ವೈದ್ಯ, ಕಮ್ಮಾರ, ಕಾವಲುಗಾರರಲ್ಲಿ ಅನೇಕರು ಹಾಗೆಯೇ ನಾನಾ ದೇಶಗಳಲ್ಲಿ ಕುಳಿತ ಮನುಷ್ಯರ ವೇಷಗಳು. ಇಂಥ ಆಟದ ಬೇರು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದಲ್ಲಿದೆ. ಅದರಲ್ಲಿ ಚಿತ್ರವೇ ಇರಲಿಲ್ಲ. ಎಲ್ಲವೂ ಬರಿಯ ಅಕ್ಷರಗಳಲ್ಲಿಯೇ ನಡೆಯುತ್ತಿತ್ತು. 2004ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟವಂತೂ ಲಕ್ಷಾಂತರ ಜನರನ್ನು ಸೆಳೆಯಿತು.

ಈ ಆಟಗಾರರು ತಮ್ಮ ಕೂಟಗಳನ್ನು ‘ಗಿಲ್ಡ್’ ಎನ್ನುವರು. ಮಧ್ಯಯುಗದ ಯೂರೋಪಿನಲ್ಲಿ ಅದು ಕಸಬುದಾರರ ಸಂಘದ ಹೆಸರು. ನಮ್ಮ ಪ್ರಾಚೀನರ ‘ಶ್ರೇಣಿ’ ಅದಕ್ಕೆ ಸಮೀಪವಾದ ಮಾತು. ಆದರೆ ಇಲ್ಲಿಯ ಕಸಬು ವೇಷಗಾರಿಕೆಯಾದುದರಿಂದ ‘ಮೇಳ’ ಎಂದರೆ ಹೆಚ್ಚು ಒಪ್ಪೀತು. ವಾರ್‌ಕ್ರಾಫ್ಟಿನಲ್ಲಿ ವೇಷಕ್ಕೆ ತಕ್ಕಂತೆ ನಡೆ ನುಡಿ ಇರಬೇಕೆನ್ನುವವರಿಗೆ ಬೇರೆ ಸರ್ವರುಗಳೇ ಉಂಟು. ಅಮೆರಿಕದವರಿಗೆ ಮೂನ್ ಗಾರ್ಡ್, ಯೂರೋಪಿನವರಿಗೆ ಆರ್ಜೆಂಟ್ ಡಾನ್ ಪ್ರಸಿದ್ಧವಾದವು. ಅಲ್ಲಿ ಒಂದು ಮೇಳ ನಗರದ ಕಾವಲುಪಡೆಯಾದರೆ ಇನ್ನೊಂದು ಕಳ್ಳರ ತಂಡ, ಮತ್ತೊಂದು ದೇವಾಲಯದ ವೈದ್ಯರ ಗುಂಪು. ಇವಕ್ಕೆ ಹೊಸಬರು ಬೇಕು. ಆದರೆ ಬರುವವನ ಮುಖವನ್ನು ಯಾರೂ ಕಂಡಿಲ್ಲ, ಹೆಸರೂ ಕಟ್ಟಿಕೊಂಡದ್ದು.

ಮೊದಲು ಅರ್ಜಿ. ನಿಮ್ಮ ಪಾತ್ರ ಯಾವ ಕುಲದ್ದು, ಯಾವುದಕ್ಕೆ ಅಂಜುವುದು, ಹಿಂದೆ ಯಾವ ಮೇಳದಲ್ಲಿದ್ದಿರಿ, ಅದನ್ನು ಬಿಟ್ಟುದೇಕೆ, ಯಾವ ಹೊತ್ತಿನಲ್ಲಿ ಆಡುವಿರಿ ಎಂದೆಲ್ಲ ಅದರಲ್ಲಿ ಕೇಳುವರು. ಹೊತ್ತಿನ ಪ್ರಶ್ನೆ ಸಣ್ಣದಲ್ಲ. ಅಮೆರಿಕದವರ ಸಂಜೆ ನಮಗೆ ಬೆಳಗಿನ ಜಾವ. ಹದಿನೆಂಟು ತುಂಬದವರನ್ನು ಸೇರಿಸದ ಮೇಳಗಳು ಅನೇಕವಿವೆ. ಅಪರಿಚಿತರೊಡನೆ ರಾತ್ರಿಯೆಲ್ಲ ಮಾತು ನಡೆಯುವ ಸ್ಥಳದಲ್ಲಿ ಈ ಕಟ್ಟು ಯೋಗ್ಯವೇ ಸರಿ. ಹೊಸಬರು ಬರೆಯುವ ಪಾತ್ರಚರಿತ್ರೆಗಳಲ್ಲಿ ರಾಜವಂಶದ ಕೊನೆಯ ಕುಡಿ, ತಂದೆತಾಯಿಗಳನ್ನು ಘಟಸರ್ಪ ಕೊಂದಿತು, ತನ್ನನ್ನು ಗೆದ್ದವರಿಲ್ಲ ಎಂಬ ಬಗೆಯವು ಹೇರಳ. ಅವನ್ನು ಓದಿ ಹಳಬರು ನಿಟ್ಟುಸಿರುಬಿಡುವರು. ಎಲ್ಲರೂ ರಾಜಪುತ್ರರಾದರೆ ಬಾಗಿಲು ಕಾಯುವವರಾರು?

ಅರ್ಜಿ ಒಪ್ಪಿಗೆಯಾದರೆ ಸಂದರ್ಶನ. ಇದು ಸಾಮಾನ್ಯವಾಗಿ ಆಟದೊಳಗಿನ ಯಾವುದಾದರೊಂದು ಪಾನಗೃಹದಲ್ಲಿ, ಎರಡು ಕಡೆಯವರೂ ವೇಷದಲ್ಲಿದ್ದುಕೊಂಡೇ ನಡೆಯುವುದು. ಆಟದಲ್ಲಿ ಪ್ರತಿಯೊಬ್ಬರ ತಲೆಯ ಮೇಲೂ ಅವರ ಹೆಸರು ತೇಲುತ್ತಿರುತ್ತದೆ. ಆಡುವವನಿಗೆ ಅದು ಕಾಣುವುದು. ಅವನ ಪಾತ್ರಕ್ಕೆ ಕಾಣಬಾರದು. ಪರಿಚಯವಾಗುವ ಮೊದಲೇ ಹೆಸರು ಹಿಡಿದು ಕರೆದವನಿಗೆ ಈ ಭೇದ ತಿಳಿದಿಲ್ಲವೆಂದಾಯಿತು. ಎರಡನೆಯದು, ಎದುರಾಳಿಯ ಗತಿಯನ್ನು ತಾನೇ ಬರೆಯಬಾರದು. ‘ಕತ್ತಿ ಬೀಸಿದೆನು’ ಎಂದು ನಿಲ್ಲಿಸಬೇಕು. ‘ನಿನ್ನ ತಲೆ ಉರುಳಿತು’ ಎಂದು ಸೇರಿಸಕೂಡದು. ಏಟು ತಗಲಿತೋ ಇಲ್ಲವೋ ಎಂಬುದನ್ನು ಎದುರಿನವನು ಹೇಳಬೇಕು, ಇಲ್ಲವೆ ಒಂದರಿಂದ ನೂರರವರೆಗಿನ ಸಂಖ್ಯೆ ಬೀಳುವ ದಾಳವನ್ನು ಹಾಕಿ ತೀರ್ಮಾನಿಸಬೇಕು. ಇವು ಕಲಿಸಿದರೆ ಬರುವ ವಿದ್ಯೆಗಳು. ಕಲಿಸಲಾಗದ್ದು ಇನ್ನೊಂದಿದೆ. ವೇಷದಲ್ಲಿ ಬೈಸಿಕೊಂಡ ಮಾತನ್ನು ವೇಷ ಕಳಚಿದ ಮೇಲೂ ಮನಸ್ಸಿನಲ್ಲಿಟ್ಟುಕೊಳ್ಳುವವನಿಂದ ಮೇಳಗಳು ಒಡೆದು ಹೋಗುವುವು. ಇದನ್ನು ಅರಿಯುವುದಕ್ಕೆಂದೇ ಅನೇಕರು ಕೆಲವು ವಾರ ಕೆಳದರ್ಜೆಯಲ್ಲಿಟ್ಟು ನೋಡುವರು.

ಇಷ್ಟೆಲ್ಲ ಜರಡಿ ಹಿಡಿದರೂ ವಂಚಕನು ಸಿಕ್ಕುವುದಿಲ್ಲ. ಅವನ ಅರ್ಜಿ ಎಲ್ಲರದಕ್ಕಿಂತ ಚೊಕ್ಕಟವಾಗಿರುತ್ತದೆ. ವಿರಾಟರಾಜನು ಕಂಕಭಟ್ಟನನ್ನು ಪರೀಕ್ಷಿಸಿದಾಗ ಕಂಡದ್ದು ಅವನ ವಿದ್ಯೆಯೇ ಹೊರತು ಧರ್ಮರಾಯನಲ್ಲ. ಬಂದವನು ಸಜ್ಜನನಾಗಿದ್ದುದು ಮತ್ಸ್ಯದೇಶದ ಭಾಗ್ಯ. ಐಸ್‌ಲೆಂಡಿನ ಸಿಸಿಪಿ ಎಂಬ ಸಂಸ್ಥೆ 2003ರಲ್ಲಿ ಹೊರತಂದ, ಅಂತರಿಕ್ಷದ ಕಥೆಯುಳ್ಳ ‘ಈವ್ ಆನ್‌ಲೈನ್’ ಆಟದಲ್ಲಿ ಈ ಭಾಗ್ಯ ಎಲ್ಲರಿಗೂ ಒದಗಲಿಲ್ಲ. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್ ಎಂಬ ತಂಡದವರು ಯುಬಿಕ್ವಾ ಸೆರಾಫ್ ಎಂಬ ಕೂಟದೊಳಗೆ ಹೊಕ್ಕು, ಸುಮಾರು ಒಂದು ವರ್ಷ ನಂಬಿಕೆ ಗಳಿಸಿ, ಒಂದೇ ದಿನ ಅದರ ಮುಖ್ಯಸ್ಥರ ನೌಕೆಯನ್ನು ಒಡೆದು ಉಗ್ರಾಣಗಳನ್ನು ಬರಿದುಮಾಡಿದರು. ಕೈಬಿಟ್ಟ ಸ್ವತ್ತಿನ ಬೆಲೆ ಅಂದಿನ ಲೆಕ್ಕದಲ್ಲಿ ಸುಮಾರು 16,500 ಡಾಲರು. ಆಟದ ನಿಯಮಕ್ಕೆ ಇದು ವಿರುದ್ಧವಾಗಿರಲಿಲ್ಲ. 2009ರ ಫೆಬ್ರವರಿಯಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ಪ್ರಬಲ ಒಕ್ಕೂಟದ ಅಧಿಕಾರಿಯೊಬ್ಬನು ಶತ್ರುಪಕ್ಷವನ್ನು ಸೇರಿ, ತನಗಿದ್ದ ಅಧಿಕಾರದಿಂದಲೇ ಆ ಒಕ್ಕೂಟವನ್ನು ವಿಸರ್ಜಿಸಿಬಿಟ್ಟನು. ಅವನೇನೂ ಹೊಸಬನಲ್ಲ, ಪ್ರವೇಶಪರೀಕ್ಷೆ ಅಲ್ಲಿ ಏನು ಮಾಡೀತು?

ಅಂದಿನಿಂದ ಈವ್ ಆಟದ ಕೂಟಗಳಲ್ಲಿ ಸಂಶಯವೇ ಹೆಚ್ಚು. ಅರ್ಜಿದಾರನ ಖಾತೆಯನ್ನೂ ಓಲೆಗಳನ್ನೂ ತೆರೆದು ತೋರಿಸೆನ್ನುವರು. ಗೂಢಚಾರನು ಇದಕ್ಕೆಂದೇ ಎರಡನೆಯ ಖಾತೆಯೊಂದನ್ನು ಸಿದ್ಧಮಾಡಿಟ್ಟಿರುವನು. ನಾಚಿಕೊಂಡು ಹಿಂದಕ್ಕೆ ಹೋಗುವವನು ಪ್ರಾಮಾಣಿಕನಾದ ಹೊಸಬ. ನನಗೆ ಇದಕ್ಕಿಂತ ವಾರ್‌ಕ್ರಾಫ್ಟಿನ ಏರ್ಪಾಡು ಹಿಡಿಸುವುದು. ಅಲ್ಲಿ 2007ರಲ್ಲಿ ಮೇಳಗಳಿಗೆ ಒಂದು ಸಾಮಾನ್ಯ ಭಂಡಾರ ಬಂದಿತು. ಯಾವ ದರ್ಜೆಯವನು ದಿನಕ್ಕೆ ಎಷ್ಟು ತೆಗೆಯಬಹುದೆಂಬುದನ್ನು ಮೇಳದ ಯಜಮಾನನು ಗೊತ್ತುಮಾಡುವನು. ಹೊಸಬನನ್ನು ಆದರದಿಂದ ಒಳಕ್ಕೆ ಕರೆದು ಬೀಗದಕೈಯನ್ನು ಮಾತ್ರ ತಡವಾಗಿ ಕೊಡಬಹುದು. ಹಾಗೆ ಮಾಡಿದರೆ ಕಳ್ಳನೊಬ್ಬ ಬಂದರೂ ಹೋಗುವುದು ಒಂದು ದಿನದ ಪಡಿ.

ಸೇರಬಯಸುವವನೂ ಪಾನಗೃಹದಲ್ಲಿ ಕುಳಿತು ಮೇಳವನ್ನು ಪರೀಕ್ಷಿಸುತ್ತಿರಬೇಕು. ಹಳಬರು ಹೊಸಬನ ತಪ್ಪನ್ನು ತಿದ್ದುವರೋ ನಗುವರೋ, ಬಿಟ್ಟುಹೋದವರ ಬಗ್ಗೆ ಹೇಗೆ ಮಾತಾಡುವರು, ಇವನ್ನು ಗಮನಿಸಬೇಕು. ವಯಸ್ಸನ್ನೂ ಆಡುವ ಹೊತ್ತನ್ನೂ ಕೇಳಿದರೆ ಹೇಳಬಹುದು. ಮನೆಯ ವಿಳಾಸವನ್ನೋ ಖಾತೆಯ ಗುಪ್ತಪದವನ್ನೋ ಕೇಳಿದರೆ ಆ ಅರ್ಜಿಯನ್ನು ಅಲ್ಲಿಗೇ ಬಿಟ್ಟು ಬೇರೆ ಮೇಳ ನೋಡತಕ್ಕದ್ದು.